ದುಮ್‌ದ್ಯಾಮ್ ಉಡಿಸಲು ಕಲಿತ ಅಕ್ಟೋಬರ್

ಮ್ಯಾನೇಜರ್ ಕೇಳಿದ ಪ್ರಶ್ನೆಗೆ ನಾನು "ಗೊತ್ತಿಲ್ಲ" ಎನ್ನಬೇಕಿತ್ತು. "ಹಾಯ್" ಎಂದುಬಿಟ್ಟೆ. ಜಪಾನಿಯಲ್ಲಿ ಹಾಗೆಂದರೆ ಹೌದು.

ಟೋಕಿಯೋ ಪಕ್ಕದ ಇಚಿಕಾವಾದ ಮದುವೆ ಹಾಲೊಂದರ ಉಡುಪಿನ ಕೋಣೆಯಲ್ಲಿ ನಾನು ಅರೆಕಾಲಿಕ ಕೆಲಸಕ್ಕೆ ಸೇರಿ ಆಗ ಎಂಟು ತಿಂಗಳಾಗಿತ್ತು. ಗಂಡನ ವೀಸಾದ ಮೇಲೆ ಬಂದವಳು ವಾರಕ್ಕೆ ಇಪ್ಪತ್ತೆಂಟು ಗಂಟೆ ಮಾತ್ರ ದುಡಿಯಬಹುದಿತ್ತು. ಕಿಮೊನೊ ಕಟ್ಟುವ ಹತ್ತಿ ಲಾಡಿಗಳಿಗೆ ಇಸ್ತ್ರಿ ಹಾಕುವುದು, ಕಾಲುಚೀಲಗಳನ್ನು ಅಳತೆಯ ಪ್ರಕಾರ ಜೋಡಿಸುವುದು, ಮುಖ್ಯ ಉಡುಪುಗಾರ್ತಿ ವಧುವನ್ನು ಸಿಂಗರಿಸುವಾಗ ಕೇಳಿದ್ದನ್ನು ಕೇಳಿದ ಕ್ಷಣದಲ್ಲಿ ಕೈಗೆ ಕೊಡುವುದು, ಇಷ್ಟು ನನ್ನ ಕೆಲಸ. ಅರವತ್ತು ದಾಟಿದ ಆಕೆಯನ್ನು ಎಲ್ಲರೂ ಸೆನ್ಸೇ ಎನ್ನುತ್ತಿದ್ದರು, ಅಂದರೆ ಗುರುಗಳು. ನಾನೂ ಹಾಗೆಯೇ ಕರೆಯುತ್ತಿದ್ದೆ. ನನ್ನ ಒಪ್ಪಂದ ಡಿಸೆಂಬರಿಗೆ ಮುಗಿಯುವುದರಲ್ಲಿತ್ತು. ಅದನ್ನು ಮುಂದುವರಿಸುತ್ತಾರೋ ಇಲ್ಲವೋ ಎಂದು ಯಾರೂ ಹೇಳಿರಲಿಲ್ಲ.

ಮ್ಯಾನೇಜರ್ ಕೇಳಿದ್ದು ಹೀಗೆ: "ತಿಂಗಳ ಕೊನೆಯ ಭಾನುವಾರ ಇಂಡಿಯಾದವರ ಮದುವೆ ಇದೆ. ವಧು ತಮ್ಮ ಕಡೆಯ ಉಡುಪೇ ಉಡಬೇಕಂತೆ. ನಿಮಗೆ ಉಡಿಸೋಕೆ ಬರುತ್ತಲ್ವಾ?"

ಸೀರೆಯೇ ಇರಬೇಕು ಎಂದುಕೊಂಡು ಹಾಯ್ ಎಂದೆ. ಮೈಸೂರಿನಲ್ಲಿ ನಾಲ್ಕಾರು ಮದುವೆಗಳಲ್ಲಿ ಹೆಣ್ಣಿಗೆ ಸೀರೆ ಉಡಿಸಿದ ಕೈ ನನ್ನದು. ಅವರು ಫಾರ್ಮ್ ಮುಂದಿಟ್ಟರು. ಅದರಲ್ಲಿ ವಧು ತನ್ನ ಕೈಯಲ್ಲೇ ಬರೆದಿದ್ದಳು: ಕಾಲಿಂಪಾಂಗ್, ಲೆಪ್ಚಾ ಸಂಪ್ರದಾಯ, ದುಮ್‌ದ್ಯಾಮ್. ಮೂರರಲ್ಲಿ ಒಂದನ್ನೂ ನಾನು ಕಂಡಿರಲಿಲ್ಲ. ಮೊದಲನೆಯದು ಡಾರ್ಜಿಲಿಂಗ್ ಪಕ್ಕದ ಊರೆಂದು ಮಾತ್ರ ಗೊತ್ತಿತ್ತು. ಲೆಪ್ಚಾ ಎಂದರೆ ಆ ಬೆಟ್ಟಗಳ ಜನ, ದುಮ್‌ದ್ಯಾಮ್ ಅವರ ಹೆಂಗಸರ ಉಡುಪು ಎಂದು ತಿಳಿದದ್ದು ಆಮೇಲೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಮ್ಯಾನೇಜರ್ ಆಗಲೇ ನನ್ನ ಹೆಸರನ್ನು ಚೌಕದೊಳಗೆ ಬರೆದು ಮುದ್ರೆ ಒತ್ತುತ್ತಿದ್ದರು.

ವರನೂ ಲೆಪ್ಚಾನೇ, ಟೋಕಿಯೋದ ಬ್ಯಾಂಕೊಂದಕ್ಕೆ ವೈಟುಕೆ ಕೆಲಸ, ಅಂದರೆ 2000ನೇ ಇಸವಿ ಬಂದಾಗ ಕಂಪ್ಯೂಟರುಗಳು ತಾರೀಖು ತಪ್ಪದಂತೆ ಸರಿಪಡಿಸುವ ಕೆಲಸ, ಮಾಡುತ್ತಿದ್ದ ಎಂಜಿನಿಯರ್. ಜನವರಿ ಮುಗಿಯುವವರೆಗೆ ಅವರ ತಂಡದಲ್ಲಿ ಒಬ್ಬರಿಗೂ ರಜೆ ಇಲ್ಲ. ವಧು ಸೆಂಡಾಯ್‌ನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದಳು. ಅವಳ ವೀಸಾ ನವೆಂಬರಿಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಮದುವೆಯಾಗದಿದ್ದರೆ ಅವಳು ಊರಿಗೆ ಹೋಗಬೇಕು, ಅವನು ಇಲ್ಲಿಯೇ ಇರಬೇಕು. ಊರಿನ ಹಿರಿಯರು ಮಾತುಕತೆ ಮುಗಿಸಿ ಒಪ್ಪಿದ್ದರು. ಅಷ್ಟು ದೂರ ಬರಲು ಆಗುತ್ತಿದ್ದದ್ದು ವಧುವಿನ ಸೋದರಮಾವನೊಬ್ಬರಿಗೆ ಮಾತ್ರ.

ಮೊದಲ ಟ್ರಯಲ್‌ಗೆ ವಧು ಒಬ್ಬಳೇ ಬಂದಳು. ಇಪ್ಪತ್ತಾರಿರಬಹುದು. ಕನ್ನಡಕ, ಬೆನ್ನಿಗೆ ಚೀಲ. ಅಮ್ಮ ಅಂಚೆಯಲ್ಲಿ ಕಳಿಸಿದ್ದ ಪೊಟ್ಟಣ ಬಿಚ್ಚಿ, ಕಡುಗೆಂಪು ರೇಷ್ಮೆಯನ್ನು ಮೇಜಿನ ಮೇಲೆ ಹರಡಿದಳು. ಜೊತೆಗೆ ಉದ್ದ ತೋಳಿನ ಹಳದಿ ಕುಪ್ಪಸ, ಒಂದು ಸೊಂಟಪಟ್ಟಿ. ನಾನು ಟೇಪು ಹಿಡಿದೆ. ಅಗಲ ನನ್ನ ಭುಜದಿಂದ ಪಾದದವರೆಗೆ ಬಂತು. ಉದ್ದ ಸೀರೆಗಿಂತ ಎಷ್ಟೋ ಕಡಿಮೆ. ಅಂಚಿಲ್ಲ, ಸೆರಗಿಲ್ಲ. ಇದು ಸೀರೆಯಲ್ಲ ಎಂದು ಬಟ್ಟೆಯೇ ಹೇಳುತ್ತಿತ್ತು.

"ನಿಮ್ಮ ಕಡೆ ಹೇಗೆ ಉಡ್ತೀರಿ, ಒಂಚೂರು ತೋರಿಸ್ತೀರಾ?" ಎಂದು ಹಿಂದಿಯಲ್ಲಿ, ಏನೋ ಸಣ್ಣ ವಿವರ ಖಚಿತಪಡಿಸಿಕೊಳ್ಳುವವಳಂತೆ ಕೇಳಿದೆ.

ಅವಳು ನಾಚಿಕೊಂಡಳು. "ದೀದಿ, ನಾನು ಆರನೇ ವಯಸ್ಸಿಂದ ಹಾಸ್ಟೆಲ್‌ನಲ್ಲಿ ಬೆಳೆದೋಳು. ಹಬ್ಬಕ್ಕೆ ಮನೆಗೆ ಹೋದಾಗ ಅಮ್ಮಾನೇ ಉಡಿಸ್ತಿದ್ರು. ನಾನು ಕೈ ಎತ್ತಿ ನಿಂತ್ಕೋತಿದ್ದೆ, ಅಷ್ಟೇ. ನಿಮಗೆ ಗೊತ್ತು ಅಂತ ಮ್ಯಾನೇಜರ್ ಹೇಳಿದ್ರಲ್ಲ?"

ಹೆಚ್ಚಿನ ಅಗಲವನ್ನು ಒಳಗೆ ಮಡಚಿ, ನಾಲ್ಕು ನೆರಿಗೆ ಹಿಡಿದು, ಉಳಿದಷ್ಟನ್ನು ಸೆರಗಿನಂತೆ ಎಡಭುಜಕ್ಕೆ ಹಾಕಿದೆ. ಸೊಂಟಪಟ್ಟಿಯನ್ನು ಮೇಲೆ ಕಟ್ಟಿದೆ. ನೋಡಲು ಕೆಟ್ಟದಾಗಿರಲಿಲ್ಲ. ಅದೇ ಹೆಚ್ಚು ಕಾಟ ಕೊಟ್ಟಿತು. ವಧು ಕನ್ನಡಿಯಲ್ಲಿ ತನ್ನನ್ನು ಬಹಳ ಹೊತ್ತು ನೋಡಿಕೊಂಡು, "ಇದು ಸರಿನಾ ದೀದಿ?" ಎಂದಳು. "ಇನ್ನೂ ಟ್ರಯಲ್ ಅಲ್ವಾ," ಎಂದೆ. ಸೆನ್ಸೇ ಬಾಗಿಲ ಬಳಿ ನಿಂತು ನೋಡಿ, ತಮ್ಮ ಕೆಲಸಕ್ಕೆ ಮರಳಿದರು. ಹಾಲ್‌ನ ಫೋಟೋಗ್ರಾಫರ್ ಒಂದು ಚಿತ್ರ ತೆಗೆದರು. ವರ ಅದನ್ನು ಸ್ಕ್ಯಾನ್ ಮಾಡಿ ಊರಿಗೆ ಇಮೇಲ್ ಮಾಡುತ್ತಾನೆ, ಅಣ್ಣ ಸೈಬರ್ ಕೆಫೆಗೆ ಹೋಗಿ ಪ್ರಿಂಟ್ ತೆಗೆದು ಅಮ್ಮನಿಗೆ ತೋರಿಸುತ್ತಾನೆ ಎಂದು ವಧು ಸಂಭ್ರಮದಿಂದ ಹೇಳಿದಳು.

ಮುಂದಿನ ನಾಲ್ಕು ದಿನ ನನಗೆ ಒಂದು ಕಡೆ ಕೂರಲಾಗಲಿಲ್ಲ. ಅನ್ನಕ್ಕಿಟ್ಟು ಬಾಲ್ಕನಿಗೆ ಹೋಗುತ್ತಿದ್ದೆ, ಬಾಲ್ಕನಿಯಿಂದ ಬಂದು ಬೀರು ತೆಗೆಯುತ್ತಿದ್ದೆ, ಯಾಕೆ ತೆಗೆದೆ ಎಂದು ಮರೆಯುತ್ತಿದ್ದೆ. ತೊಝಾಯ್ ಲೈನ್ ರೈಲಿನಲ್ಲಿ ಇಳಿಯಬೇಕಾದ ಸ್ಟೇಷನ್ ದಾಟಿ ಎರಡು ಬಾರಿ ಮುಂದೆ ಹೋದೆ. ಎಡೋಗಾವಾ ವಾರ್ಡಿನ ಲೈಬ್ರರಿಯಲ್ಲಿ ಹಿಮಾಲಯದ ಪುಸ್ತಕಗಳನ್ನೆಲ್ಲ ತೆಗೆಸಿದೆ. ಪರ್ವತಗಳಿದ್ದವು, ಹತ್ತುವವರಿದ್ದರು. ಒಂದೇ ಒಂದು ಚಿತ್ರದಲ್ಲಿ ಲೆಪ್ಚಾ ಹೆಂಗಸರು ಸಾಲಾಗಿ ನಿಂತಿದ್ದರು, ಅದೂ ದೂರದಿಂದ. ಮುಖಗಳು ಹೆಸರುಕಾಳಿನಷ್ಟು ಚಿಕ್ಕವು. ಭುಜದಲ್ಲಿ ಏನೋ ಹೊಳೆಯುತ್ತಿತ್ತು.

ಗಂಡನೂ ವೈಟುಕೆಯವರೇ. ಭಾನುವಾರ ಬೆಳಿಗ್ಗೆ ತಿಂಡಿಗೆ ಕೂತಾಗ ಸಿಕ್ಕಿದರು. ಹೇಳಿಕೊಂಡೆ.

"ಕ್ಲೈಂಟ್ ಹತ್ರ ಗೊತ್ತಿಲ್ದೇ ಇರೋದನ್ನ ಗೊತ್ತು ಅಂದ್ರೆ ಏನಾಗತ್ತೆ ಅಂತ ನಂಗೊತ್ತು ಕಣೇ," ಎಂದರು. "ಟೆಸ್ಟಿಂಗ್‌ನಲ್ಲಿ ಆಚೆ ಬಂದೇ ಬರತ್ತೆ. ಮೊದ್ಲೇ ಹೇಳ್ಬಿಡೋದು ವಾಸಿ."

"ಕೆಲಸ ಹೋದ್ರೆ?"

"ಹೋದ್ರೆ ಹೋಗತ್ತೆ. ಆದ್ರೆ ನೀನು ಹೀಗೆ ಮನೆ ತುಂಬಾ ಓಡಾಡ್ತಾ ಇದ್ರೆ ಕೆಳಗಿನ ಮನೆ ಅಜ್ಜಿ ಬಂದು ಬಾಗಿಲು ತಟ್ತಾರೆ ಅಷ್ಟೇ."

ನಾನು ಹೇಳುವ ಮೊದಲೇ ಅದು ಆಚೆ ಬಂತು. ಸೋಮವಾರ ಮಧ್ಯಾಹ್ನ ವಧು ಹಾಲ್‌ಗೆ ಬಂದಳು. ಸೆಂಡಾಯ್‌ನಿಂದ ಅಷ್ಟು ದೂರ ಬಂದಿದ್ದರೂ ಒಳಗೆ ಬರದೆ ಕಾರಿಡಾರಿನಲ್ಲೇ ನಿಂತಿದ್ದಳು.

"ಅಮ್ಮ ಫೋಟೋ ನೋಡಿದ್ರು ದೀದಿ. ಸೀರೆ ಚೆನ್ನಾಗಿದೆ, ನಮ್ಮ ಬಟ್ಟೆ ಯಾವಾಗ ಉಡ್ತೀಯ ಅಂತ ಕೇಳಿದ್ರು."

ಅವಳು ನಗಲು ಪ್ರಯತ್ನಿಸಿದಳು, ಆಗಲಿಲ್ಲ. "ಅಮ್ಮ ಬರೋಕಾಗಲ್ಲ. ಮನೆಯವರೂ ಬರೋಕಾಗಲ್ಲ. ಇದೊಂದಾದ್ರೂ ಸರಿ ಇರ್ಲಿ ಅಂತ ಆಸೆ ಇತ್ತು. ನಂಗೇ ಬರಲ್ಲ ಅಂದ್ಮೇಲೆ ನಿಮ್ಮನ್ನ ಏನಂತ ಕೇಳ್ಲಿ?"

ಆ ಮಾತು ಮುಗಿಯುವ ಹೊತ್ತಿಗೆ ನಾನು ತೀರ್ಮಾನಿಸಿಯಾಗಿತ್ತು. "ನನಗೆ ಗೊತ್ತೇ ಇರಲಿಲ್ಲ," ಎಂದೆ. "ನಿಮ್ಮ ಜನರ ಹೆಸರನ್ನೂ ಆ ಫಾರ್ಮ್‌ನಲ್ಲೇ ಮೊದಲು ಓದಿದ್ದು. ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ. ತಪ್ಪಾಯಿತು."

ಅವಳ ಕೈ ಹಿಡಿದುಕೊಂಡೇ ಉಡುಪಿನ ಕೋಣೆಗೆ ಹೋಗಿ, ಸೆನ್ಸೇ ಮುಂದೆ ಮಂಡಿಯೂರಿ ಅದನ್ನೇ ಜಪಾನಿಯಲ್ಲಿ ಹೇಳಿದೆ. ನನ್ನ ಜಪಾನಿ ಆಗ ಅಷ್ಟಕ್ಕಷ್ಟೆ. ಕ್ಷಮೆ ಕೇಳುವ ವಿನಯದ ಮಾತುಗಳೆಲ್ಲ ಅಡಿಮೇಲಾಗಿ, ಕೊನೆಗೆ ಬರೀ "ಸುಮಿಮಾಸೆನ್", ಅಂದರೆ ಕ್ಷಮಿಸಿ, ಎಂಬುದೊಂದು ಉಳಿಯಿತು.

ಸೆನ್ಸೇ ಬೈಯಲಿಲ್ಲ. ಎದ್ದು ಹೋಗಿ ಲಾಡಿಗಳ ಬುಟ್ಟಿ ತಂದು ನನ್ನ ಮುಂದಿಟ್ಟರು. ಅವತ್ತೂ ಮರುದಿನವೂ ನನ್ನ ಪಾಲಿಗೆ ಇಸ್ತ್ರಿ ಕೆಲಸವೊಂದೇ. ಎರಡನೆಯ ದಿನ ಸಂಜೆ ಹೊರಡುವಾಗ ಹೇಳಿದರು: "ಟ್ರಯಲ್ ದಿನವೇ ನನಗೆ ಅನುಮಾನ ಬಂದಿತ್ತು. ಅಷ್ಟು ಅಗಲದ ಬಟ್ಟೇನ ಒಳಗೆ ಮಡಚಿ ಬಚ್ಚಿಡೋ ಉಡುಪು ಎಲ್ಲೂ ಇರಲ್ಲ. ನಾನೂ ಕೇಳಲಿಲ್ಲ, ಅದು ನನ್ನ ತಪ್ಪು. ಹನ್ನೆರಡು ದಿನ ಇದೆ. ಕಲಿತು ಬನ್ನಿ. ಕಲಿತದ್ದನ್ನ ಮೊದಲು ನನಗೆ ತೋರಿಸಿ."

ಸೋದರಮಾವ ಆ ವಾರವೇ ಬಂದಿಳಿದರು. ಕಾಲಿಂಪಾಂಗ್‌ನ ಶಾಲೆಯೊಂದರಲ್ಲಿ ಮೇಷ್ಟರಾಗಿದ್ದು ನಿವೃತ್ತರಾದವರು, ಸಣಕಲು ಮೈ, ಹಿಂದಿ ಇಂಗ್ಲಿಷ್ ಎರಡೂ ಬಲ್ಲವರು. ಶನಿವಾರ ವಧುವಿನ ಜೊತೆ ನಮ್ಮ ಮನೆಗೆ ಬಂದರು. ಪೆಟ್ಟಿಗೆಯಿಂದ ವರನ ಉಡುಪು ತೆಗೆದು ತೋರಿಸಿದರು: ಕೈಮಗ್ಗದಲ್ಲಿ ನೇಯ್ದ ಬಣ್ಣಬಣ್ಣದ ಗೀರುಗಳ ದಪ್ಪ ಹತ್ತಿ ಬಟ್ಟೆ, ಅದರ ಹೆಸರು ದುಂಪ್ರಾ. ಬಿಳಿ ಅಂಗಿ ಮತ್ತು ಮೀನಖಂಡದವರೆಗಿನ ಚಲ್ಲಣದ ಮೇಲೆ ಒಂದು ಭುಜಕ್ಕೆ ಪಿನ್ನು ಹಾಕಿ, ನಡುಪಟ್ಟಿ ಬಿಗಿದು ಉಡುವುದು. ತಲೆಗೆ ಗುಂಡನೆಯ ಗಟ್ಟಿ ಟೋಪಿ. "ಗಂಡಸರದ್ದು ನನಗೆ ಬರುತ್ತೆ," ಎಂದರು. "ಹೆಂಗಸರದ್ದು ಕೇಳಬೇಡ ಬೇಟಿ. ಉಟ್ಟಾದ ಮೇಲೆ ಸರಿ ಇದೆಯೋ ಇಲ್ಲವೋ ಹೇಳಬಲ್ಲೆ, ಅಷ್ಟೇ."

ಹಾಗಾಗಿ ಅಮ್ಮನಿಗೇ ಫೋನ್ ಮಾಡಿದೆವು. ಪ್ರಿಪೇಯ್ಡ್ ಕಾರ್ಡಿನ ನಂಬರು ಒತ್ತಿ, ವಧು ರಿಸೀವರ್ ಕಿವಿಗಿಟ್ಟುಕೊಂಡು ಕೂತಳು. ಅಮ್ಮ ಲೆಪ್ಚಾದಲ್ಲಿ ಹೇಳುತ್ತಿದ್ದರು, ಅವಳು ಹಿಂದಿಯಲ್ಲಿ ನನಗೆ ದಾಟಿಸುತ್ತಿದ್ದಳು. ಬೇರೆಯವರಿಗೆ ಉಡಿಸಿದರೆ ಹಿಡಿತ ಸಿಗುವುದಿಲ್ಲ ಎಂದು ಬಟ್ಟೆಯನ್ನು ನನ್ನ ಮೈಗೇ ಸುತ್ತಿಕೊಂಡೆ. ಕಂಕುಳ ಕೆಳಗಿಂದ ಪೂರ್ತಿ ಅಗಲ ನಿಲ್ಲುವಂತೆ ಸುತ್ತಬೇಕು. ಒಂದು ಭುಜದ ಮೇಲೆ ಬಟ್ಟೆ ಮಡಚಿಕೊಂಡು ಹಾಯಬೇಕು, ಇನ್ನೊಂದರ ಮೇಲೆ ಮುಂದಿನ ಅಂಚು ಹಿಂದಿನ ಅಂಚು ಕೂಡಬೇಕು. ಕೂಡುವ ಕಡೆ ಪಿನ್ನು. ಸೊಂಟಕ್ಕೆ ಪಟ್ಟಿ ಬಿಗಿದ ಮೇಲೆ ಬಟ್ಟೆಯನ್ನು ಮೇಲಕ್ಕೆ ಜಗ್ಗಿ, ಹೆಚ್ಚಾದದ್ದು ಪಟ್ಟಿಯ ಮೇಲೆ ಸುತ್ತಲೂ ಒಂದೇ ಸಮನೆ ಇಳಿಬೀಳುವಂತೆ ಬಿಡಬೇಕು. ಕೆಳಗಿನ ಅಂಚು ಹರಡಿನ ಗಂಟಿಗೆ ತಾಗಿ ನಿಲ್ಲಬೇಕು.

ಇಷ್ಟು ತಿಳಿಯಲು ಎರಡು ಕಾರ್ಡ್ ಮುಗಿದವು. ಎಲ್ಲ ಮಾಡಿ ತಿರುಗಿ ನಿಂತರೆ ಸೋದರಮಾವ ತಲೆಯಾಡಿಸಿದರು. "ಎಲ್ಲ ಇದೆ. ಆದರೆ ಏನೋ ಹೆಚ್ಚುಕಡಿಮೆ. ಕನ್ನಡಿಯಲ್ಲಿ ನೋಡಿದ ಹಾಗಿದೆ."

ಮತ್ತೆ ಬಿಚ್ಚಿ ಮತ್ತೆ ಉಟ್ಟೆ. ಮತ್ತೆ ಅದೇ ಮಾತು. ಮೂರನೆಯ ಸಲ ವಧು ಥಟ್ಟನೆ ಕೂಗಿದಳು: "ಅಮ್ಮ ಯಾವಾಗಲೂ ನನ್ನ ಎದುರಿಗೆ ನಿಂತು ಉಡಿಸ್ತಿದ್ರು! ಅವರು ಹೇಳೋ ಬಲಗಡೆ ಅವರ ಬಲಗಡೆ, ನನ್ನದಲ್ಲ." ಎಡಬಲ ಅದಲುಬದಲು ಮಾಡಿದ ಮೇಲೆ ಮಾವ ಕುರ್ಚಿಗೆ ಒರಗಿ, "ಹಾಂ," ಎಂದರು.

ಚಹಾ ಮಾಡಲು ಅಡುಗೆಮನೆಗೆ ಹೋದಾಗ ಅವರೂ ಹಿಂದೆಯೇ ಬಂದು ನಿಂತರು. ಮೊಳಕೆ ಕಟ್ಟಲು ಊರಿನಿಂದ ತರಿಸಿದ್ದ ರಾಗಿ ಗಾಜಿನ ಡಬ್ಬದಲ್ಲಿತ್ತು. ಅದನ್ನು ಕಂಡು ಅವರು ಅನುಮತಿ ಕೇಳದೆಯೇ ಮುಚ್ಚಳ ತೆಗೆದು ಮೂಸಿದರು. "ಇದು ನಿಮ್ಮಲ್ಲೂ ಬೆಳೆಯುತ್ತಾ? ಇದರಿಂದಲೇ ನಮ್ಮ ಛೀ ಆಗೋದು." ಹೆಸರು ಕೇಳಿ ನಾನು ಬೆಚ್ಚಿಬಿದ್ದದ್ದನ್ನು ನೋಡಿ ನಕ್ಕರು. ಛೀ ಎಂದರೆ ಬೇಯಿಸಿ ಹುದುಗಿಸಿದ ರಾಗಿ. ಬಿದಿರಿನ ಪಾತ್ರೆಗೆ ಹಾಕಿ, ಬಿಸಿನೀರು ಹೊಯ್ದು, ಬಿದಿರ ಕೊಳವೆಯಿಂದ ಹೀರುವುದು. ಅದಿಲ್ಲದೆ ಲೆಪ್ಚಾ ಮದುವೆಯ ಮಾತೇ ಶುರುವಾಗುವುದಿಲ್ಲವಂತೆ. ಗಂಡಿನ ಕಡೆಯ ಮಧ್ಯಸ್ಥ ಅದನ್ನು ಹೊತ್ತುಕೊಂಡು ಹೆಣ್ಣಿನ ಮನೆಗೆ ಬರುತ್ತಾನೆ. ಎರಡೂ ಕಡೆಯ ಹಿಂದಿನ ತಲೆಮಾರುಗಳನ್ನು ಎಣಿಸಿ ನೋಡಿ, ರಕ್ತಸಂಬಂಧ ಇಲ್ಲವೆಂದಾದ ಮೇಲೆ ಮುಂದಿನ ಮಾತು. ಸೋದರಮಾವನಿಗೆ ಬೇರೆ ಉಡುಗೊರೆ, ಬೇರೆ ಮರ್ಯಾದೆ. ಅವನು ಒಪ್ಪದೆ ಹುಡುಗಿಯನ್ನು ಕಳಿಸುವಂತಿಲ್ಲ.

"ನಮ್ಮಲ್ಲೂ ಮಂಟಪಕ್ಕೆ ಹೆಣ್ಣನ್ನು ಕರೆತರೋದು ಸೋದರಮಾವನೇ," ಎಂದೆ.

ಅವರು ಡಬ್ಬ ಮುಚ್ಚಿ ಸ್ವಸ್ಥಾನದಲ್ಲಿಟ್ಟರು. "ಹಾಗಾದರೆ ನನ್ನ ಚಿಂತೆ ನಿನಗೆ ಗೊತ್ತಾಗುತ್ತೆ. ಪಾಸ್‌ಪೋರ್ಟ್ ಇದ್ದ ಒಬ್ಬನೇ ಒಬ್ಬ ಅಂತ ನನ್ನನ್ನು ಕಳಿಸಿದ್ದಾರೆ. ತಾಯಿ ಮಾಡಬೇಕಾದ್ದು, ಅತ್ತೆಯರು ಮಾಡಬೇಕಾದ್ದು, ಪೂಜೆ ಮಾಡುವವನು ಹೇಳಬೇಕಾದ್ದು, ಎಲ್ಲಕ್ಕೂ ನಾನೊಬ್ಬ. ಏನು ಬಿಟ್ಟುಹೋಗುತ್ತೋ ಅಂತ ಊಟವೇ ಸೇರುತ್ತಿಲ್ಲ."

ಸೆನ್ಸೇಗೆ ತೋರಿಸುವ ದಿನ ನಾನೇ ಉಟ್ಟು ನಿಂತೆ. ಅವರು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಸೊಂಟಪಟ್ಟಿಯ ಮೇಲೆ ಇಳಿಬಿದ್ದ ಮಡಿಕೆಯ ಹತ್ತಿರ ನಿಂತುಬಿಟ್ಟರು. ಎರಡು ಬೆರಳಿನಿಂದ ಅದನ್ನು ಎತ್ತಿ ನೋಡಿದರು. ಕಿಮೊನೊದಲ್ಲಿಯೂ ಉದ್ದ ಹೊಂದಿಸುವುದು ಹೀಗೆಯೇ, ಹೆಚ್ಚಿನ ಬಟ್ಟೆಯನ್ನು ನಡುವಿನಲ್ಲಿ ಮಡಚಿ. ಅದಕ್ಕೆ ಒಹಾಶೋರಿ ಎನ್ನುತ್ತಾರೆ. ಅವರ ಮುಖ ಮೊದಲ ಬಾರಿಗೆ ಸಡಿಲವಾಯಿತು. "ಇದು ಗೊತ್ತಿರೋ ಕೆಲಸ," ಎಂದು, ಪಟ್ಟಿಯ ಅಡಿಯಲ್ಲಿ ಕಾಣದಂತೆ ಹತ್ತಿ ಲಾಡಿಯೊಂದನ್ನು ಬಿಗಿದರು. ರೇಷ್ಮೆ ಜಾರುವುದು ನಿಂತಿತು.

ತಕರಾರು ಬಂದದ್ದು ಪಿನ್ನಿಗೆ. ವಧುವಿನ ಮೈಮೇಲೆ ಪಿನ್ನು ಹಾಕಕೂಡದು ಎಂದು ಹಾಲ್‌ನ ನಿಯಮ. ಹಿಂದೆ ಯಾರಿಗೋ ಚುಚ್ಚಿ, ಬಿಳಿ ಕಿಮೊನೊ ಮೇಲೆ ರಕ್ತ ಬಿದ್ದಿತ್ತಂತೆ. ಪಿನ್ನಿಲ್ಲದೆ ಈ ಉಡುಪು ನಿಲ್ಲುವುದಿಲ್ಲ ಎಂದೆ. ಹೊಲಿದುಬಿಡಿ ಎಂದರು ಮ್ಯಾನೇಜರ್. ಅಮ್ಮನ ಬೆಳ್ಳಿಯ ಪಿನ್ನುಗಳನ್ನು ಮಾವ ಅಷ್ಟು ದೂರದಿಂದ ಜೇಬಿನಲ್ಲಿಟ್ಟುಕೊಂಡು ತಂದಿದ್ದರು, ಅವನ್ನು ಹಾಗೆಯೇ ವಾಪಸು ಕಳಿಸುವುದು ಹೇಗೆ? ನಾನು ಸೆನ್ಸೇ ಮುಖ ನೋಡಿದೆ. ಅವರು ಮ್ಯಾನೇಜರ್ ಕಡೆ ತಿರುಗಿ ತಣ್ಣಗೆ ಹೇಳಿದರು: "ಉಡುಪು ಹಾಲ್‌ನದಲ್ಲ, ವಧುವಿನದು. ಚುಚ್ಚಿದರೆ ಜವಾಬ್ದಾರಿ ನನ್ನದು." ಆಮೇಲೆ ಪಿನ್ನಿನ ಅಡಿಗೆ ಎರಡು ಪದರದ ಮೆತ್ತನೆಯ ಬಟ್ಟೆಯ ತುಂಡಿಟ್ಟು, ಮೊನೆ ಮೈಗೆ ತಾಗದಂತೆ ಕೂರಿಸುವುದನ್ನು ನನ್ನಿಂದ ಇಪ್ಪತ್ತು ಸಲ ಮಾಡಿಸಿದರು.

ಮದುವೆಯ ದಿನ ನಮಗೆ ಕೊಟ್ಟಿದ್ದು ಮೂವತ್ತು ನಿಮಿಷ. ಹಿಂದಿನ ವಧು ಏಳು ನಿಮಿಷ ತಡವಾಗಿ ಕೋಣೆ ಬಿಟ್ಟಳು. ಕುಪ್ಪಸದ ತೋಳು, ಸುತ್ತು, ಭುಜ, ಪಿನ್ನು, ಲಾಡಿ, ಪಟ್ಟಿ, ಜಗ್ಗು, ಮಡಿಕೆ. ನನ್ನ ಬೆರಳುಗಳು ನನಗಿಂತ ಧೈರ್ಯವಾಗಿದ್ದವು. ಕೊರಳಿಗೆ ಹಾರ, ಕಿವಿಗೆ ಓಲೆ ಹಾಕಿ ಬಾಗಿಲು ತೆಗೆದಾಗ ದುಂಪ್ರಾ ಉಟ್ಟ ವರ ಟೋಪಿ ಸರಿಮಾಡಿಕೊಳ್ಳುತ್ತ ನಿಂತಿದ್ದವನು, ಕೈ ಟೋಪಿಯ ಮೇಲೇ ಬಿಟ್ಟು ನಿಂತ.

ಸಭಾಂಗಣದಲ್ಲಿ ನಾನು ವಧುವಿನ ಹಿಂದೆಯೇ ಇರಬೇಕಿತ್ತು. ಅಭ್ಯಾಸ ಮಾಡುವಾಗ ನಾವು ಒಂದು ಸಂಗತಿ ಮರೆತಿದ್ದೆವು. ಇದು ಜಪಾನ್, ಎಲ್ಲರಿಗೂ ಬಾಗಿ ನಮಸ್ಕರಿಸಬೇಕು. ವರನ ಆಫೀಸಿನ ಹಿರಿಯರಿಗೆ ಅವಳು ಸೊಂಟ ಬಗ್ಗಿಸಿದಾಗಲೆಲ್ಲ ಹಿಂಬದಿಯ ಮಡಿಕೆ ಒಂದೊಂದು ಬೆರಳು ಜಾರುತ್ತಿತ್ತು. ಎಂಟನೆಯ ನಮಸ್ಕಾರಕ್ಕೆ ಕೆಳಗಿನ ಅಂಚು ಹಿಮ್ಮಡಿ ಮುಟ್ಟಿತು. ಫೋಟೋಗ್ರಾಫರ್ ದೀಪ ಸರಿಪಡಿಸುವಾಗ ಸಿಕ್ಕ ಅರೆನಿಮಿಷದಲ್ಲಿ ಮಂಡಿಯೂರಿ, ಮಡಿಕೆಯನ್ನು ಮತ್ತೆ ಎತ್ತಿ ಲಾಡಿಯೊಳಗೆ ಸಿಕ್ಕಿಸಿದೆ. "ಇನ್ಮೇಲೆ ಕತ್ತು ಮಾತ್ರ ಬಗ್ಗಿಸಿ," ಎಂದು ಪಿಸುಗುಟ್ಟಿದೆ.

ಸೋದರಮಾವ ಬಿದಿರಿನ ಪಾತ್ರೆ ಹೊರತೆಗೆದಾಗ ಮ್ಯಾನೇಜರ್ ಬಾಗಿಲಿನಿಂದ ಬಿರಬಿರನೆ ಬಂದರು. ಹೊರಗಿನ ಪಾನೀಯ ತರುವಂತಿಲ್ಲ. ಮನೆಯಲ್ಲಿ ಮದ್ಯ ಹುದುಗಿಸುವುದಂತೂ ಆ ದೇಶದಲ್ಲಿ ಕಾನೂನಿಗೇ ವಿರುದ್ಧ. ಪಾತ್ರೆಯಲ್ಲಿದ್ದದ್ದು ಛೀ ಅಲ್ಲ, ಅದರ ಬದಲಿಗೆ ಬೆಳಿಗ್ಗೆ ನಾನೇ ಹುರಿದು ಕೊಟ್ಟ ರಾಗಿ. "ಬರೀ ಕಾಳು, ಮೂಸಿ ನೋಡಿ," ಎಂದೆ. ಅವರು ನಿಜಕ್ಕೂ ಮೂಸಿ, ತಲೆದೂಗಿ, ಬಿಸಿನೀರು ತರಿಸಿದರು. ಮಾವ ನೀರು ಹೊಯ್ದು, ಕೊಳವೆಯನ್ನು ಮೊದಲು ವರನಿಗೆ, ಆಮೇಲೆ ವಧುವಿಗೆ ಹಿಡಿದರು. ಇಬ್ಬರ ಕೊರಳಿಗೂ ಬಿಳಿ ರೇಷ್ಮೆಯ ಶಾಲು ಹಾಕಿ ತಮ್ಮ ಭಾಷೆಯಲ್ಲಿ ಬಹಳ ಹೊತ್ತು ಮಾತನಾಡಿದರು. ಅಲ್ಲಿದ್ದ ಐವತ್ತು ಜನರಲ್ಲಿ ಅದು ಅರ್ಥವಾದದ್ದು ಇಬ್ಬರಿಗೆ. ಉಳಿದವರೂ ಕೊನೆಯವರೆಗೆ ಕೇಳಿದರು.

ಊಟ ಮುಗಿದು ಉಡುಪಿನ ಕೋಣೆಗೆ ಮರಳಿದೆವು. ಮಾವ ಅಲ್ಲಿಂದಲೇ ನರಿತಾ ವಿಮಾನ ನಿಲ್ದಾಣಕ್ಕೆ ಹೊರಡುವವರಿದ್ದರು, ಪೆಟ್ಟಿಗೆ ಹಿಡಿದು ಕಾರಿಡಾರಿನಲ್ಲಿ ಕೂತಿದ್ದರು. ನಾನು ಪಿನ್ನು ತೆಗೆದು, ಪಟ್ಟಿ ಸಡಿಲಿಸಿ, ರೇಷ್ಮೆಯನ್ನು ತೋಳ ಮೇಲೆ ಹಾಕಿಕೊಂಡೆ. ವಧು ಅದನ್ನು ನನ್ನ ತೋಳಿನಿಂದ ತೆಗೆದುಕೊಂಡಳು.

"ಒಂದ್ಸಲ ನಾನೇ ಉಟ್ಕೋತೀನಿ ದೀದಿ. ನೀವು ಮುಟ್ಬೇಡಿ."

ಮುಂದಿನ ವಧು ಹೊರಗೆ ಕಾಯುತ್ತಿದ್ದಳು. ನಾನು ಸೆನ್ಸೇ ಕಡೆ ನೋಡಿದೆ. ಅವರು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು. ಹತ್ತು ನಿಮಿಷ ಬೇಕು ಎಂದು ಅವರು ಯಾರಿಗೋ ಹೇಳುವುದು ಕೇಳಿಸಿತು.

ಕೈಗಳು ತಾವಾಗಿ ಮುಂದೆ ಹೋಗುತ್ತಿದ್ದವು. ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿದೆ. ಮೊದಲ ಸಲ ಭುಜದಿಂದ ಎಲ್ಲವೂ ಜಾರಿ ಕಾಲ ಬಳಿ ಗುಡ್ಡೆಯಾಗಿ ಬಿತ್ತು. ಅವಳು ಕನ್ನಡಕ ಹಾಕಿಕೊಂಡು ಮತ್ತೆ ಶುರುಮಾಡಿದಳು. ಅಮ್ಮನ ಮಾತುಗಳನ್ನು ಲೆಪ್ಚಾದಲ್ಲಿ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಪಿನ್ನು ಹಾಕುವಾಗ ಬೆರಳಿಗೆ ಚುಚ್ಚಿತು, ಬೆರಳನ್ನು ಬಾಯಲ್ಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಅಂಚು ಹಿಡಿದಳು. ಪಟ್ಟಿ ಬಿಗಿದಳು, ಜಗ್ಗಿದಳು, ಮಡಿಕೆ ಇಳಿಬಿಟ್ಟಳು. ಮಡಿಕೆ ಸಮವಾಗಿರಲಿಲ್ಲ. ನಾನು ಗೋಡೆ ಬಿಡಲಿಲ್ಲ.

ಅವಳು ತಾನೇ ಬಾಗಿಲು ತೆಗೆದು ಕಾರಿಡಾರಿಗೆ ಹೋದಳು. ಸೋದರಮಾವ ತಲೆ ಎತ್ತಿದರು. ಪೆಟ್ಟಿಗೆ ಕೆಳಗಿಟ್ಟು ಎದ್ದು ನಿಂತು, ಭುಜದಿಂದ ಪಾದದವರೆಗೆ ನಿಧಾನವಾಗಿ ನೋಡಿದರು. ನಾನು ಉಡಿಸಿದ್ದನ್ನು ನೋಡಿ ಬೆಳಿಗ್ಗೆ ಅವರು ಹೇಳಿದ್ದು "ಸರಿಯಾಗಿದೆ" ಎಂದಷ್ಟೇ. ಈಗ ಅವಳ ಹತ್ತಿರ ಹೋದರು. ತಮ್ಮ ಭಾಷೆಯಲ್ಲಿ ಏನೋ ಹೇಳಿದರು. ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

ಅವರು ಹೊರಟುಹೋದ ಮೇಲೆ ಏನೆಂದರು ಎಂದು ಕೇಳಿದೆ.

"ಎಡಗಡೆ ಮಡಿಕೆ ಸ್ವಲ್ಪ ಇಳಿದಿದೆ ಅಂದ್ರು," ಎಂದಳು. "ಅಮ್ಮಂದೂ ಯಾವಾಗಲೂ ಹಾಗೇ ಇರುತ್ತಂತೆ."